ಮಂಗಳವಾರದ ಮಾತುಗಳು

ಅಕ್ಕನ ಜೊತೆ ಒಂದೇ ಮನೆಯಲ್ಲಿರುವ, ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ತಂಗಿಗೆ ಹನ್ನೊಂದು ವರ್ಷದಿಂದ ಮನಸ್ಸು ಮಂಕು. ಗುಳಿಗೆಗಳು ಬಂದವು, ಹೋದವು. ಕೊನೆಗೆ ಆಸ್ಪತ್ರೆಯವರು ಎರಡು ಬಗೆಯ ಮಾತಿನ ಚಿಕಿತ್ಸೆಗಳನ್ನು ಮೂರು ವರ್ಷ ಹೋಲಿಸಿ ನೋಡುತ್ತೇವೆ ಎಂದಾಗ ಸೇರಿಕೊಂಡಳು. ಒಂದರಲ್ಲಿ ಹಳೆಯದನ್ನು ಕೆದಕುತ್ತಾರೆ, ಇನ್ನೊಂದರಲ್ಲಿ ಇವತ್ತಿನ ಯೋಚನೆಯನ್ನು ತಿದ್ದುತ್ತಾರೆ. ಚೀಟಿ ಎತ್ತಿದಾಗ ಇವಳಿಗೆ ಕೆದಕುವುದು ಬಂತು.

ಪ್ರತಿ ಮಂಗಳವಾರದ ಮಾತು ರೆಕಾರ್ಡ್ ಆಗುತ್ತಿತ್ತು. ಹೆಸರಿನ ಬದಲು ನಂಬರು ಹಾಕಿ, ಹೊರಗೆ ಯಾರೋ ಟೈಪ್ ಮಾಡಿ, ಇನ್ಯಾರೋ ಓದಿ ಎಷ್ಟು ಗುಣವಾಗಿದೆ ಎಂದು ಅಂಕ ಕೊಡುವ ಏರ್ಪಾಡು. ಗುರುತಿನ ದನಿ ಕೇಳಿದರೆ ಟೈಪ್ ಮಾಡುವವರು ಅದನ್ನು ವಾಪಸು ಕಳಿಸಬೇಕು, ಅದು ಕಟ್ಟುನಿಟ್ಟು. ಮೊದಲ ವರ್ಷವೆಲ್ಲ ಇವಳ ಬಾಯಿಗೆ ಬೀಗ. ಆಮೇಲೆ ಚಿಕಿತ್ಸಕಿಯ ಮುಂದೆ ಒಂದೊಂದೇ ಹೇಳಿಕೊಂಡಳು. ಬೆಳಿಗ್ಗೆ ಕೇಳದೆ ಅಕ್ಕ ಲೈಟು ಹಾಕಿದರೆ ಕೆಂಡದಂಥ ಸಿಟ್ಟು ಬರುತ್ತದೆ ಎಂದಳು. "ನಿಂಗೇನು ಕಮ್ಮಿಯಾಗಿದೆ" ಎನ್ನುವ ಅಕ್ಕನ ಮಾತು ಮೈಯುರಿಸುತ್ತದೆ ಎಂದಳು.

ಸೋಜಿಗವೆಂದರೆ, ಮನೆಯಲ್ಲಿ ಅಕ್ಕ ಬೆಣ್ಣೆಯಂತಾದಳು. ಲೈಟು ಹಾಕುವುದು ನಿಂತಿತು, ಆ ಮಾತೂ ನಿಂತಿತು. ತಾನು ಗುಣವಾಗುತ್ತಿರುವುದಕ್ಕೇ ಎಲ್ಲ ಹಗುರವಾಗಿದೆ ಎಂದು, ಪಾಪ, ತಂಗಿ ಹಿಗ್ಗಿ ಹೀರೇಕಾಯಿಯಾದಳು. ಅಂಕಗಳೂ ಅದನ್ನೇ ಹೇಳಿದವು.

ಒಂದು ಭಾನುವಾರ ಬಟ್ಟೆ ಮಡಚುತ್ತಾ ಅಕ್ಕ ಅಂದಳು, "ಅಮ್ಮ ಹೋದಾಗ ನಿಂಗೆ ಹಗುರ ಅನ್ಸಿದ್ದು ತಪ್ಪಲ್ಲ ಕಣೇ. ಬಿಟ್ಬಿಡು."

ತಂಗಿ ಗಕ್ಕನೆ ತಿರುಗಿದಳು. ಅದನ್ನು ಅವಳು ಹೇಳಿದ್ದು ಒಂದೇ ಕಡೆ, ಹಿಂದಿನ ಮಂಗಳವಾರ. ಮನೆಯಲ್ಲೇ ಟೈಪಿಂಗ್ ಕೆಲಸ ಮಾಡುವ ಅಕ್ಕ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟೈಪ್ ಮಾಡುತ್ತಿದ್ದುದು ಡಾಕ್ಟರುಗಳ ಪತ್ರ ಎಂದೇ ನಂಬಿದ್ದಳು.

"ನನ್ ಮಾತು ಟೈಪ್ ಮಾಡೋದು ನೀನಾ?"

"ಮೊದಲ್ನೇ ಸಲ ನಿನ್ ದನಿ ಕೇಳ್ದಾಗ ವಾಪಸ್ ಕಳ್ಸೋಣ ಅಂತಾನೇ ಇದ್ದೆ. ನೀನು ನನ್ಹತ್ರ ಬಾಯೇ ಬಿಡ್ತಿರ್ಲಿಲ್ವಲ್ಲ. ನಿನ್ ಒಳ್ಳೇದಕ್ಕೇ ಕೇಳ್ದೆ. ಈಗ ಚೆನ್ನಾಗಾದೆ ತಾನೆ?"

ಎರಡು ವರ್ಷ ಕದ್ದು ಕೇಳಿದವಳ ಕನಿಕರವನ್ನು ತನ್ನ ಗೆಲುವೆಂದು ಬೀಗಿದೆನಲ್ಲ ಎಂದುಕೊಂಡಳು ತಂಗಿ. ಇಂಥ ಮೋಸವನ್ನು ಹೊರಗಿನವರು ಮಾಡಿದ್ದರೆ ಬೈದು ಹಗುರಾಗಬಹುದಿತ್ತು.

ಮಂಗಳವಾರ ಚಿಕಿತ್ಸಕಿಗೆ ಎಲ್ಲವನ್ನೂ ಹೇಳಿದಳು. ಇನ್ನು ಉಳಿದಿದ್ದ ನಂಬಿಕೆ ಇದೊಂದೇ ಕೋಣೆಯ ಮೇಲೆ.

"ನಾನು ನಿಜವಾಗ್ಲೂ ಗುಣ ಆಗಿದ್ದೀನಾ ಮೇಡಂ?"

ಚಿಕಿತ್ಸಕಿ ರೆಕಾರ್ಡರ್ ಆರಿಸಿ ಫೈಲು ಎಳೆದುಕೊಂಡಳು. ಹಾಳೆಗಳನ್ನು ಸರಸರ ತಿರುವಿದಳು, ತಲೆ ಎತ್ತಲಿಲ್ಲ.

"ಅಕ್ಕ ಕೇಳೋಕೆ ಶುರು ಮಾಡಿದ್ದು ಯಾವ ವಾರದಿಂದ ಅಂತ ನೆನಪಿದ್ಯಾ? ಅಯ್ಯೋ, ನಮ್ ಗುಂಪಲ್ಲಿ ಎಲ್ರಿಗಿಂತ ಸುಧಾರಿಸಿದ್ದು ನೀವೇ. ನಿಮ್ಮನ್ನ ಲೆಕ್ಕದಿಂದ ತೆಗೆದ್ರೆ ಆ ಯೋಚನೆ ತಿದ್ದೋ ಗುಂಪಿನೋರೇ ಗೆದ್ಬಿಡ್ತಾರೆ."