ಹೊಲಿಗೆ ಮಷಿನ್ ಸದ್ದಿನಲ್ಲಿ ಬಚ್ಚಿಟ್ಟ ಮರಿ

ಮೆಟ್ಟಿಲು ಹತ್ತಿ ಬಂದ ಗಂಡನ ಅಂಗಿಯೊಳಗೆ ಏನೋ ಮಿಸುಕಾಡುತ್ತಿರುವುದನ್ನು ಕಂಡು ಹೊಲಿಗೆಯವಳು ಮಷಿನ್ ನಿಲ್ಲಿಸಿದಳು. ಅವನು ಪೇಂಟರ್. ದಿನವೂ ಅಂಗಿಯ ಮೇಲೆ ಬಣ್ಣ ಹೊತ್ತು ತರುತ್ತಿದ್ದನೇ ಹೊರತು ಅಂಗಿಯೊಳಗೆ ಏನನ್ನೂ ತಂದವನಲ್ಲ.

"ಏನ್ರೀ ಅದು?"

"ಬಯ್ಯಬೇಡ. ಮೊದಲು ಸ್ವಲ್ಪ ಬಿಸಿನೀರು ಕೊಡು."

ಗುಂಡಿ ಬಿಚ್ಚಿದ್ದೇ ತಡ, ನಾಯಿಮರಿಯೊಂದು ತಲೆ ಹೊರಗೆ ಹಾಕಿತು. ಅರ್ಧ ಮೈ ಕಂದು, ಇನ್ನರ್ಧ ಆಕಾಶನೀಲಿ. ಅವನು ಕೆಲಸ ಮಾಡುತ್ತಿದ್ದ ಮನೆಯ ಹಿತ್ತಲಲ್ಲಿ ಯಾರೋ ಬಿಟ್ಟುಹೋಗಿದ್ದ ಮರಿ, ಬಣ್ಣದ ಡಬ್ಬಕ್ಕೆ ಬಿದ್ದು ಒದ್ದಾಡುತ್ತಿತ್ತಂತೆ.

"ಬಾಡಿಗೆಗೆ ಬಂದ ದಿನ ಟೀಚರಮ್ಮ ಏನಂದ್ರು, ಮರೆತೇಹೋಯ್ತಾ? ನಾಯಿ, ಬೆಕ್ಕು ಯಾವುದೂ ಈ ಹೊಸಿಲು ದಾಟಕೂಡದು ಅಂದಿರಲಿಲ್ವಾ?"

"ಇದೆಲ್ಲಿ ದಾಟಿದೆ? ನಾನು ಎತ್ಕೊಂಡು ಬಂದೆ."

ನಗು ಬಂದರೂ ನುಂಗಿಕೊಂಡಳು. ಮನೆಯೊಡತಿ ಟೀಚರಮ್ಮ ಶಾಲೆಯಿಂದ ನಿವೃತ್ತರಾದವರು. ಗಂಡನ ಜೊತೆ ಕೆಳಗಿನ ಮನೆಯಲ್ಲೇ ಇದ್ದರು. ಆಡಿದ ಮಾತನ್ನು ಎರಡನೇ ಸಲ ಆಡುವ ಅಭ್ಯಾಸ ಅವರಿಗಿರಲಿಲ್ಲ.

"ಬಣ್ಣ ಬಿಡೋವರೆಗೆ ಮಾತ್ರ," ಎಂದು ಖಡಾಖಂಡಿತವಾಗಿ ಹೇಳಿ, ಅವಳು ಅಡುಗೆ ಎಣ್ಣೆಯಲ್ಲಿ ಬಟ್ಟೆ ಅದ್ದಿ ಮರಿಯ ಮೈ ಒರೆಸುತ್ತಾ ಕೂತಳು. ಒರೆಸುವ ಬೆರಳನ್ನೇ ಅದು ಚೀಪತೊಡಗಿತು. ಕೊನೆಗೂ ಬಣ್ಣ ಬಿಟ್ಟಿತು, ಮರಿ ಬಿಡಲಿಲ್ಲ.

ಮಧ್ಯಾಹ್ನ ಬೀದಿಯೆಲ್ಲ ತಣ್ಣಗಿರುವ ಹೊತ್ತಿಗೇ ಅದಕ್ಕೆ ಕುಂಯ್‌ಗುಡುವ ಉಮೇದು. ಸದ್ದು ಕೆಳಗೆ ಕೇಳಬಾರದೆಂದು ಹೊಲಿಗೆಯವಳು ಓಡಿಹೋಗಿ ಮಷಿನ್ ತುಳಿಯುತ್ತಿದ್ದಳು. ಸೂಜಿಯಲ್ಲಿ ದಾರವಿಲ್ಲ, ಸೂಜಿಯ ಕೆಳಗೆ ಬಟ್ಟೆಯಿಲ್ಲ, ಬರೀ ಕಟಕಟ. ಮರಿ ಸುಮ್ಮನಾದರೆ ಕಾಲು ನಿಲ್ಲಿಸುವಳು, ಮತ್ತೆ ರಾಗ ತೆಗೆದರೆ ಮತ್ತೆ ತುಳಿಯುವಳು.

ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಮರಿಯನ್ನು ಒಳಕೋಣೆಗೆ ದೂಡಿ ಬಾಗಿಲು ತೆರೆದರೆ, ಟೀಚರಮ್ಮ! ಕೈಯಲ್ಲಿ ಹಬೆಯಾಡುವ ಸೂಪಿನ ಪಾತ್ರೆ.

"ಏನಮ್ಮಾ, ಹೀಗೆ ಒಂದೇ ಸಮ ಹೊಲೀತಾ ಕೂತ್ರೆ ಕಣ್ಣು ಉಳಿಯುತ್ತಾ? ಊಟಕ್ಕೂ ಪುರುಸೊತ್ತು ಮಾಡ್ಕೊಳ್ತೀಯೋ ಇಲ್ವೋ ಅಂತ ತಂದೆ. ಬಿಸಿಯಾಗಿರುವಾಗ್ಲೇ ಕುಡಿ."

ಅವರು ಬಯ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಈ ಸೂಪು ಅವಳ ಕೈ ಸುಟ್ಟಿತು.

"ಅಮ್ಮಾ, ನಾನು ಹೊಲೀತಾನೇ ಇರಲಿಲ್ಲ," ಎಂದು ಪಾತ್ರೆ ಕೆಳಗಿಟ್ಟು, ಒಳಕೋಣೆಯ ಬಾಗಿಲು ತೆರೆದುಬಿಟ್ಟಳು.

ಮರಿ ತೊಡರುಗಾಲು ಹಾಕುತ್ತಾ ಬಂದು ಟೀಚರಮ್ಮನ ಪಾದ ಮೂಸಿತು. ಅವರ ಕೈ ತಾನಾಗಿ ಕೆಳಗೆ ಚಾಚಿಕೊಂಡಿತು. ಇನ್ನೇನು ಮುಟ್ಟಬೇಕು, ಥಟ್ಟನೆ ಹಿಂದೆಳೆದುಕೊಂಡರು.

"ನಮ್ಮ ಯಜಮಾನ್ರಿಗೆ ಉಬ್ಬಸ ಕಣಮ್ಮಾ. ನಾಯಿ ಕೂದಲು ಸೋಕಿದ್ರೂ ಉಸಿರು ಕಟ್ಟುತ್ತೆ. ಒಂದ್ಸಲ ಆಸ್ಪತ್ರೇಲಿ ಸತ್ತು ಬದುಕಿ ಬಂದಿದ್ದಾರೆ. ಇಲ್ಲದಿದ್ರೆ ನಾಯಿಗಳ ಮಧ್ಯೆ ಆಡಿ ಬೆಳೆದ ನನಗೆ ಇವು ಬೇಡ ಅನ್ಸುತ್ತಾ?"

ಹೊಲಿಗೆಯವಳು ಮರಿಯನ್ನು ಎತ್ತಿಕೊಂಡು ಹಿಂದೆ ಸರಿದಳು. ಇತ್ತೀಚೆಗೆ ಕೆಳಗಿನ ಕೆಮ್ಮು ಜಾಸ್ತಿಯಾದದ್ದು ಅವಳ ಕಿವಿಗೂ ಬಿದ್ದಿತ್ತು. ಚಳಿಗೆ ಇರಬೇಕು ಅಂದುಕೊಂಡಿದ್ದಳು.

"ಮೊದಲೇ ಒಂದು ಮಾತು ಹೇಳಬಾರದಿತ್ತಾ, ಅಮ್ಮಾ?"

"ಅವರ ಕಾಯಿಲೆ ನಾಲ್ಕು ಜನರ ಬಾಯಿಗೆ ಬೀಳೋದು ಅವರಿಗೆ ಇಷ್ಟ ಇಲ್ಲ. ನೀನೂ ಹೇಳಬಹುದಿತ್ತಲ್ಲ?"



ಅಂದೇ ಪೇಂಟರ್ ಮರಿಯನ್ನು ತಾನು ಏಣಿ, ಬ್ರಷ್ ಇಡುವ ಗೋದಾಮಿಗೆ ಸಾಗಿಸಿದ. ಹೆಂಡತಿ ಕೋಣೆಯಿಂದ ಕೊನೆಯ ಮೆಟ್ಟಿಲವರೆಗೂ ತಿಕ್ಕಿ ತೊಳೆದಳು. ಗೋದಾಮಿನಲ್ಲಿ ಮರಿ ತಟ್ಟೆ ಮೂಸಲಿಲ್ಲ. ಮನೆಯಲ್ಲಿ ಇವಳಿಗೂ ತುತ್ತು ಇಳಿಯಲಿಲ್ಲ.

"ರೀ, ಬೇರೆ ಮನೆ ನೋಡೋಣ," ಎಂದವಳು ಅವಳೇ.

"ಬಣ್ಣ ಬಿಡೋವರೆಗೆ ಅಂದೋಳು ನೀನೇನಾ?"

"ನಿಮ್ಮ ಬಾಯಿಗಿಷ್ಟು! ನಡೀರಿ ಅಂದ್ರೆ ನಡೀರಿ."

ಹೋದಲ್ಲೆಲ್ಲ ಅದೇ ಪ್ರಶ್ನೆ: ನಾಯಿ ಇದೆಯಾ? ಈ ಸಲ ಅವಳು ಸುಳ್ಳು ಹೇಳಲಿಲ್ಲ, ಹಾಗಾಗಿ ಬಾಗಿಲುಗಳು ಬೇಗಬೇಗ ಮುಚ್ಚಿದವು. ಗಂಡ ಹೆಂಡತಿ ಸೋತು ಸುಣ್ಣವಾಗಿ ಮೆಟ್ಟಿಲ ಮೇಲೆ ಕೂತಿದ್ದಾಗ ಟೀಚರಮ್ಮನೇ ಹೊರಗೆ ಬಂದರು.

"ಹಿಂದಿನ ಬೀದೀಲಿ ಒಂದು ಹಳೇ ಮನೆ ಪಾಳು ಬಿದ್ದಿದೆ. ಬಣ್ಣ ನೀವೇ ಬಳ್ಕೊಂಡ್ರೆ ನಾಯಿ ಇಟ್ಕೋಬಹುದಂತೆ. ಅದರ ಯಜಮಾನ ನನ್ನ ಹಳೇ ವಿದ್ಯಾರ್ಥಿ. ತಲೆ ಬೋಳಾಗಿದೆ, ಆದ್ರೂ ಅವನಿಗೆ ನನ್ನೆದುರು ಇಲ್ಲ ಅನ್ನೋ ಧೈರ್ಯ ಇನ್ನೂ ಬಂದಿಲ್ಲ."

ಪೇಂಟರ್ ಜೋರಾಗಿ ನಕ್ಕ. ಹೊಲಿಗೆಯವಳು ಅವರ ಕೈ ಹಿಡಿದುಕೊಂಡಳು. ಅವರೂ ಬಿಡಿಸಿಕೊಳ್ಳಲಿಲ್ಲ.

ಹೊಸ ಮನೆಗೆ ಹೋದ ಮೇಲೆ ಟೀಚರಮ್ಮ ಒಂದು ಸಂಜೆ ಬಂದರು. ಎಷ್ಟು ಕರೆದರೂ ಗೇಟಿನೊಳಗೆ ಕಾಲಿಡಲಿಲ್ಲ. "ಬಟ್ಟೆಗೆ ಕೂದಲು ಅಂಟಿಸ್ಕೊಂಡು ಮನೆಗೆ ಹೋದ್ರೆ ಅವರ ಗತಿ?" ಎಂದು ಆಚೆಯಿಂದಲೇ ಮರಿಯನ್ನು ಕಣ್ತುಂಬ ನೋಡಿ ಹೊರಟುಹೋದರು.

ಹೊಲಿಗೆಯವಳು ಮರುದಿನ ಬೇರೆ ಕೆಲಸ ಮುಟ್ಟಲಿಲ್ಲ. ಮುಂದಿನ ಸಲ ಟೀಚರಮ್ಮ ಬಂದಾಗ ಗೇಟಿನ ಬಳಿಗೇ ಒಂದು ಮೇಲಂಗಿ ತಂದಳು. ಕತ್ತಿನಿಂದ ಪಾದದವರೆಗೆ ಇಳಿಯುವಂಥದ್ದು, ತುಂಬುತೋಳು, ಜೊತೆಗೆ ತಲೆಗೊಂದು ಟೊಪ್ಪಿ.

"ಇದನ್ನ ಹಾಕ್ಕೊಂಡು ಬನ್ನಿ ಅಮ್ಮಾ. ಹೋಗುವಾಗ ಇಲ್ಲೇ ಬಿಚ್ಚಿಟ್ಟು, ಕೈ ಮುಖ ತೊಳ್ಕೊಂಡು ಹೋಗಿ. ಒಗೆಯೋದು ನನ್ನ ಕೆಲಸ."

"ನನ್ನ ಅಳತೆ ಯಾವಾಗ ತಗೊಂಡೆ?"

"ಕಣ್ಣಳತೆ. ಸ್ವಲ್ಪ ದೊಗಳೆ ಆಗಿರಬಹುದು."

ಸ್ವಲ್ಪವಲ್ಲ, ಅದರೊಳಗೆ ಇನ್ನೊಬ್ಬರು ಹಿಡಿಸುತ್ತಿದ್ದರು. ಟೀಚರಮ್ಮ ಹಾಗೇ ನೆಲದ ಮೇಲೆ ಕಾಲು ಚಾಚಿ ಕೂತರು. ಮರಿ ಅವರ ಮಡಿಲು ಹತ್ತಿ ಟೊಪ್ಪಿಯ ದಾರ ಜಗ್ಗಿತು. ಮಕ್ಕಳನ್ನು ಹೆದರಿಸಿಯೇ ರೂಢಿಯಾಗಿದ್ದ ಆ ಗಂಟಲಿನಿಂದ ಯಾವುದೋ ಮುದ್ದುಮಾತು ಹೊರಟಿತು. ಅದು ಮರಿಗಲ್ಲದೆ ಬೇರೆ ಯಾರಿಗೂ ಕೇಳಲಿಲ್ಲ.