ಲಾಡಿಗೆ ಒಂದು ಹೊಲಿಗೆ

ಸೊಸೆ ಆರು ಲಂಗೋಟಿಗಳನ್ನು ಮಂಚದ ಮೇಲೆ ಹರಡಿಕೊಂಡು, ಪ್ರತಿಯೊಂದರ ಎರಡು ಲಾಡಿಗಳನ್ನೂ ತುದಿಯಲ್ಲಿ ಜೋಡಿಸಿ ಒಂದೊಂದೇ ಹೊಲಿಗೆ ಹಾಕುತ್ತಿದ್ದಳು. ಬಿಳಿ ಬಟ್ಟೆಗೆ ಬಿಳಿ ದಾರ. ಮಗುವಿಗೆ ಕಟ್ಟಬೇಕಾದರೆ ದಾರ ಹರಿಯಲೇಬೇಕು. ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಎತ್ತಿಡುವ ಸದ್ದು ನಿಂತಾಗಲೆಲ್ಲ ಅವಳ ಸೂಜಿಯೂ ನಿಲ್ಲುತ್ತಿತ್ತು. ಆರೂ ಮುಗಿದ ಮೇಲೆ ಎಂದಿನಂತೆ ಮಡಿಸಿ ಕಪಾಟಿನಲ್ಲಿಟ್ಟು ಕೆಲಸಕ್ಕೆ ಹೊರಟಳು.

ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಅವಳ ಕೆಲಸವೇ ತಪ್ಪು ಹುಡುಕುವುದು. ಹೊಲಿದು ಬಂದದ್ದನ್ನು ಮೇಜಿನ ಮೇಲೆ ಹರಡಿ, ಬಿಟ್ಟುಹೋದ ಹೊಲಿಗೆಗೆ ಗುರುತು ಹಾಕಿ ವಾಪಸು ಕಳಿಸುತ್ತಾಳೆ. ಆ ಕಣ್ಣನ್ನು ಕಾರ್ಖಾನೆಯಲ್ಲೇ ಬಿಟ್ಟು ಬಾ ಎಂದು ಗಂಡ ಆಗಾಗ ರೇಗಿಸುತ್ತಾನೆ.

ಮಗುವಿಗೆ ಏಳು ತಿಂಗಳು. ಅಂಗಡಿಯ ಡೈಪರ್ ಕಟ್ಟಿ ಕಟ್ಟಿ ತೊಡೆಸಂದಿ ಕೆಂಪಗೆ ಸುಲಿದುಹೋಗಿತ್ತು. ಸದ್ಯಕ್ಕೆ ಬಟ್ಟೆಯನ್ನೇ ಕಟ್ಟಿ, ಒದ್ದೆಯಾದ ತಕ್ಷಣ ಬದಲಾಯಿಸಿ ಎಂದಿದ್ದರು ನರ್ಸ್. ಅವಳು ಹಳೆಯ ಹತ್ತಿ ಬೆಡ್‌ಶೀಟ್ ಕತ್ತರಿಸಿ ಒಂದು ಡಜನ್ ಹೊಲಿದಳು.

"ನಮ್ಮ ಪೈಲ್ವಾನರಿಗೆ ಲಂಗೋಟಿ ಬಂತಪ್ಪಾ!" ಎಂದು ಅತ್ತೆ ನಕ್ಕಿದ್ದರು.

ಗಂಡ ನಕ್ಕಿರಲಿಲ್ಲ. "ಇನ್ನೊಂದ್ಸಲ ಹೀಗಾದ್ರೆ ಕೆಲ್ಸ ಬಿಟ್ಟು ಮನೇಲಿರು. ಅಮ್ಮನಿಗೂ ವಯಸ್ಸಾಯ್ತು," ಎಂದಿದ್ದ.

ಮೊದಲ ದಿನವೊಂದು ಬಿಟ್ಟು, ಎರಡು ವಾರದಿಂದ ಸಂಜೆ ಬಂದಾಗ ಹಗ್ಗದ ಮೇಲೆ ಆರು ಲಂಗೋಟಿ. ಒಂದು ದಿನವೂ ಐದಲ್ಲ, ಒಂದು ದಿನವೂ ಏಳಲ್ಲ. ಹೆಚ್ಚಿನವನ್ನು ಮೂಗಿಗೆ ಹಿಡಿದರೆ ಉಚ್ಚೆಯ ವಾಸನೆ ಇಲ್ಲ, ಸೋಪಿನ ವಾಸನೆಯೂ ಇಲ್ಲ, ಬರೀ ನೀರು. ಅತ್ತೆ ಕದ್ದು ಡೈಪರ್ ಕಟ್ಟುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿದ್ದು ಆಗಲೇ. ಬೀರುವಿನ ಮೇಲಿದ್ದ ಅರ್ಧ ಪ್ಯಾಕೆಟ್ ಇಳಿಸಿ ನೋಡಿದಳು. ಮುಟ್ಟಿರಲಿಲ್ಲ. ಹಾಗಾದರೆ ಹೊಸದು ತರಿಸಿರಬೇಕು. ಕಸದ ಬುಟ್ಟಿ ಕೆದಕಿದಳು. ಸಿಗಲಿಲ್ಲ. ಹಾಗಾದರೆ ಎಲ್ಲೋ ದೂರ ಎಸೆದು ಬರುತ್ತಾರೆ. ತೊಡೆಯ ಕೆಂಪು ಬಾಡುತ್ತಿದ್ದುದನ್ನೂ ಅವಳು ನಂಬಲಿಲ್ಲ, ಪೌಡರ್ ಒರೆಸಿ ಒರೆಸಿ ನೋಡಿದಳು.

ಹೊಲಿಗೆ ಹಾಕಿದ ದಿನದ ಸಂಜೆಯೂ ಹಗ್ಗದ ಮೇಲೆ ಆರಿದ್ದವು. ಅವಳು ಲಾಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದಳು. ಎರಡರಲ್ಲಿ ದಾರ ಹರಿದಿತ್ತು. ನಾಲ್ಕರಲ್ಲಿ ಹೊಲಿಗೆ ಹಾಗೇ ಇತ್ತು, ಒದ್ದೆಯಾಗಿ.

"ಏನಮ್ಮ, ಅಲ್ಲೇ ನಿಂತ್ಬಿಟ್ಟೆ?" ಬಾಗಿಲಲ್ಲಿ ಅತ್ತೆ.

"ಒಣಗಿದ್ಯಾ ಅಂತ ನೋಡ್ತಿದ್ದೆ. ಇವತ್ತು ಎಷ್ಟು ಸಲ ಬದಲಾಯಿಸಿದ್ರಿ ಅತ್ತೆ?"

"ಆರು. ಕಣ್ಣೆದುರಿಗೇ ಇದೆಯಲ್ಲ."

ಮರುದಿನ ತಲೆನೋವೆಂದು ಸುಳ್ಳು ಹೇಳಿ ಹನ್ನೊಂದು ಗಂಟೆಗೇ ಮನೆಗೆ ಬಂದಳು. ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟಳು. ಬಚ್ಚಲುಮನೆಯ ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಗಿಡ್ಡ ಸ್ಟೂಲಿನ ಮೇಲೆ ಕುಳಿತು, ಮಗುವಿನ ಬೆನ್ನನ್ನು ಎದೆಗೊರಗಿಸಿಕೊಂಡು, ಎರಡೂ ತೊಡೆಗಳನ್ನು ಅಂಗೈಯಲ್ಲಿ ಎತ್ತಿ ಹಿಡಿದಿದ್ದರು.

"ಶ್ಶ್ಶ್... ಬಿಡಪ್ಪಾ ಪೈಲ್ವಾನ, ಕೊಳಾಯಿ ಬಿಡು. ಶ್ಶ್ಶ್..."

ಮಗು ಯೋಚನೆಗೆ ಬಿದ್ದವರಂತೆ ಗೋಡೆ ನೋಡಿತು. ಆಮೇಲೆ ಸಣ್ಣ ಧಾರೆಯೊಂದು ಎದುರಿನ ಗೋಡೆಗೇ ಹಾರಿತು.

"ಭಲೇ!" ಎಂದರು ಅತ್ತೆ. ಮಗುವನ್ನು ಸೊಂಟಕ್ಕೇರಿಸಿ, ಕಿಟಕಿಯ ಮೇಲಿದ್ದ ಒಣ ಲಂಗೋಟಿಯನ್ನು ತೆಗೆದು ಬಕೆಟ್ಟಿನಲ್ಲಿ ಅದ್ದಿ, ಒಂದೇ ಕೈಯಲ್ಲಿ ಹಿಂಡಿ ತಿರುಗಿದರು. ಸೊಸೆ ನಿಂತಿದ್ದಳು.

"ಕಳ್ಳರನ್ನ ಹಿಡಿಯೋಕೆ ಬಂದ್ಯಾ?"

"ಅದು ಶುಚಿಯಾಗೇ ಇತ್ತಲ್ಲ. ಯಾಕೆ ನೆನೆಸಿದ್ರಿ?"

"ಮೊದಲ್ನೇ ದಿನ ಎರಡೇ ಒಗೆದು ಹಾಕಿದ್ದೆ. ನೀನು ಬಂದವಳು ಮಗೂನ ಎತ್ಕೊಳ್ಳಲಿಲ್ಲ. ಹಗ್ಗ ನೋಡಿ 'ಎರಡೇನಾ?' ಅಂದೆ. ದಿನವೆಲ್ಲ ಅದನ್ನ ಒದ್ದೇಲೇ ಮಲಗಿಸಿದೀನೇನೋ ಅನ್ನೋ ಹಾಗೆ. ನೀನು ಇಟ್ಟು ಹೋಗೋದು ಆರು, ಆರು ತೋರಿಸ್ದೆ. ಅಲ್ಲಿಗೆ ಮುಗೀತಲ್ಲ."

"ಹೇಳಬಹುದಿತ್ತು."

"ಹೇಳಿದ್ರೆ ನಂಬ್ತಿದ್ಯಾ?"

ಅತ್ತೆ ಒದ್ದೆ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿದರು.

"ನನ್ನ ಕಣ್ಣು ಮಂಜಾಗಿರಬಹುದು ಕಣೇ. ಬೆರಳಿಗೆ ಗೊತ್ತಾಗತ್ತೆ. ನಿನ್ನೆ ಎರಡು ಲಾಡೀಲಿ ದಾರ ಸಿಕ್ತು. ಉಳಿದ ನಾಲ್ಕನ್ನೂ ಮುಟ್ಟಿ ನೋಡ್ದೆ. ಬಿಚ್ಚಲಿಲ್ಲ. ನಿನ್ನ ಪರೀಕ್ಷೆ ನಾನ್ಯಾಕೆ ಕೆಡಿಸ್ಲಿ?"

ದನಿ ಏರಿರಲಿಲ್ಲ. ಮಗುವನ್ನು ಸೊಸೆಯ ಕೈಗೆ ಕೊಟ್ಟು, ಹಣೆಯ ಕೂದಲನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿ, ಒಳಕೋಣೆಗೆ ಹೋದರು. ಅಲ್ಲಿ ಬೀರು ತೆಗೆದ ಸದ್ದಾಯಿತು. ಬಟ್ಟೆಗಳ ನಡುವಿಂದ, ಊರಿಗೆ ಹೋಗುವಾಗ ಒಯ್ಯುವ ಚೀಲ ಎಳೆದಂತೆ ಇನ್ನೊಂದು ಸದ್ದು.

ಸ್ವಲ್ಪ ಹೊತ್ತಿಗೆ ಮಗು ಹೊಟ್ಟೆ ಬಿಗಿಹಿಡಿದು ಕೊಸರಾಡಿತು. ಅವಳು ಅವಸರದಲ್ಲಿ ಸ್ಟೂಲಿನ ಮೇಲೆ ಕುಳಿತು, ಅತ್ತೆ ಹಿಡಿದಿದ್ದಂತೆಯೇ ಹಿಡಿದಳೆಂದುಕೊಂಡಳು. "ಶ್ಶ್..." ಎಂದಳು. ಅದು ಯಾರನ್ನೋ ಸುಮ್ಮನಿರಿಸುವಂತೆ ಕೇಳಿಸಿತು. ಮಗು ಕೊಸರಾಟ ನಿಲ್ಲಿಸಿ, ಕತ್ತು ಹಿಂದಕ್ಕೆ ಚಾಚಿ ಅವಳ ಮುಖವನ್ನೇ ನೋಡತೊಡಗಿತು.

"ಅತ್ತೆ," ಎಂದು ಕರೆದಳು. ಇನ್ನೊಮ್ಮೆ, ಸ್ವಲ್ಪ ಜೋರಾಗಿ, "ಅತ್ತೆ, ಒಂದ್ಸಲ ಬನ್ನಿ. ಕಾಲು ಹೇಗೆ ಹಿಡೀಬೇಕು, ತೋರ್ಸಿ."

ಒಳಕೋಣೆಯಲ್ಲಿ ಚೀಲ ತುಂಬುವ ಸದ್ದು ನಿಂತಿತು.