ಸಾವಿಲ್ಲದ ಬೀದಿ

ನನ್ನ ತಂಗಿ ಚಿಕ್ಕಬಸಮ್ಮ ಶಿವೈಕ್ಯಳಾದ ಸುದ್ದಿ ನನಗೆ ತಿಳಿದದ್ದು ಸತ್ತೇಗಾಲದಲ್ಲಿ, ಸೋಮವಾರ ಬೆಳಗಿನ ಹತ್ತು ಗಂಟೆಗೆ. ಅಲ್ಲಿ ಒಂದು ಮನೆಯ ಗೃಹಪ್ರವೇಶ ಮಾಡಿಸಲು ಹೋಗಿದ್ದೆ. ಪೂಜೆಯ ನಡುವೆ ನಾನು ಫೋನು ತೆಗೆಯುವವನಲ್ಲ. ಮೂರನೆಯ ಸಲ ಅದು ರಿಂಗಾದಾಗ ಮನೆಯ ಯಜಮಾನರೇ ಅದನ್ನು ತೆಗೆದು ನನ್ನ ಕಿವಿಗೆ ಹಿಡಿದರು. ತಂಗಿಯ ಮಗ ಶಿವಶಂಕರ.

"ಮಾವ, ಅವ್ವ ಓದ್ಲು," ಎಂದ.

ಎಲ್ಲಿಗೆ ಎಂದು ಕೇಳಿದೆ. ಅತ್ತ ಕಡೆ ಅವನು ಅಳುವುದು ಕೇಳಿಸಿತು.

ಕೊಳ್ಳೇಗಾಲಕ್ಕೆ ಬಸ್ಸು ಹತ್ತಿ ಕುಳಿತ ಮೇಲೂ ನನ್ನ ಕೈಯಲ್ಲಿ ಬಿಲ್ವಪತ್ರೆ ಇತ್ತು. ಬೆಳಿಗ್ಗೆ ಆರಕ್ಕೆ ಅವಳೇ ನನಗೆ ಕಾಫಿ ಕೊಟ್ಟಿದ್ದಳು. ಎದೆ ಬಿಗಿದಿದೆ ಎಂದಳು. ನಾನು ಹೋಗುವುದಿಲ್ಲ ಎಂದರೆ ಒಪ್ಪಲಿಲ್ಲ, ಶುಭಕಾರ್ಯಕ್ಕೆ ತಡ ಮಾಡಬೇಡ ಎಂದು ತಾನೇ ನನ್ನ ಶಲ್ಯ ತಂದು ಕೊಟ್ಟಳು. ಅವಳಿಗೆ ಐವತ್ತೆರಡು ವರ್ಷ. ಗಂಡ ತೀರಿಕೊಂಡ ಮೇಲೆ ಮಗನೊಡನೆ ನನ್ನ ಮನೆಯಲ್ಲೇ ಇದ್ದಳು. ಇಪ್ಪತ್ತೆಂಟು ವರ್ಷ ನಮ್ಮ ಬೀದಿಯ ರೇಷ್ಮೆ ಘಟಕದಲ್ಲಿ ಗೂಡು ಬೇಯಿಸಿ ನೂಲು ತೆಗೆದವಳು.

ನಮ್ಮ ಬೀದಿಯಲ್ಲಿ ನೂರಹದಿನೆಂಟು ಮನೆಗಳು. ಹೆಚ್ಚಿನವರು ಸುತ್ತಲ ಹಳ್ಳಿಗಳಿಂದ ನೂಲಿನ ಕೆಲಸಕ್ಕೆ ಬಂದು ನೆಲೆಸಿದವರು. ಒಂದೇ ಕೋಣೆಯ ಮನೆಯಲ್ಲಿ ಆರೇಳು ಜನ. ಗೂಡು ಬೇಯುವ ಹಬೆ, ಸೌದೆಯ ಹೊಗೆ, ಸತ್ತ ಹುಳುವಿನ ವಾಸನೆ ಇವು ಅಲ್ಲಿ ಹುಟ್ಟಿದ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಆದರೆ ಸತ್ತವರನ್ನು ನಾವು ಪಟ್ಟಣದಲ್ಲಿ ಮಣ್ಣು ಮಾಡುವುದಿಲ್ಲ. ಹಿರಿಯರ ಹೊಲ ಎಲ್ಲಿದೆಯೋ ಅಲ್ಲಿಗೆ ಒಯ್ಯುತ್ತೇವೆ. ಗುಂಟೆ ನೆಲ ಉಳಿದಿದ್ದರೂ ಸಾಕು, ಅಪ್ಪ ಅಮ್ಮನ ಸಮಾಧಿಯ ಪಕ್ಕದಲ್ಲೇ ಗುಣಿ. ಬೀದಿಯ ಅಯ್ಯನವರಾಗಿ ಆ ಕ್ರಿಯೆಗಳನ್ನು ನಡೆಸುತ್ತ ಬಂದವನು ನಾನು. ಸಾವಿನ ಅರ್ಜಿ ಬರೆದುಕೊಡುವವನೂ ನಾನೇ. ಮಣ್ಣು ಎಲ್ಲಿಯೋ ಕಾಗದವೂ ಅಲ್ಲಿಯೇ ಇರಲಿ ಎಂದು ಎಲ್ಲರಿಗೂ ಹೇಳಿದ್ದೆ. ಸತ್ತ ಸ್ಥಳ ಎಂಬ ಜಾಗದಲ್ಲಿ ಹಳ್ಳಿಯ ಹೆಸರನ್ನೇ ಬರೆಯುತ್ತಿದ್ದೆ. ಊರಿನ ಹಿರಿಯರು ಸಾಕ್ಷಿ ಹಾಕುತ್ತಿದ್ದರು. ಅದು ಸುಳ್ಳು ಎಂದು ನನಗಾಗಲಿ ಅವರಿಗಾಗಲಿ ಒಂದು ದಿನವೂ ಅನಿಸಲಿಲ್ಲ.

ತಂಗಿಯನ್ನೂ ಹಾಗೆಯೇ ಕುಂತೂರಿನಾಚೆಯ ಅವಳ ಗಂಡನ ಊರಿಗೆ ಒಯ್ದೆವು. ಹೊತ್ತು ಮುಳುಗುವ ಮೊದಲೇ ವಿಭೂತಿ, ಪತ್ರೆ ಹಾಕಿ ಅವಳನ್ನು ಕೂರಿಸಿ ಮಣ್ಣು ಎಳೆದೆವು. ಕಾಗದವನ್ನು ಇಲ್ಲೇ ಕೊಡು ಎಂದು ಶಿವಶಂಕರನಿಗೆ ಹೇಳಿದೆ.

ಒಂಬತ್ತನೆಯ ದಿನ ಭವ್ಯ ಎಂಬ ಹುಡುಗಿ ನಮ್ಮ ಮನೆಗೆ ಬಂದಳು. ಯಳಂದೂರಿನವಳು, ಪಟ್ಟಣಗಳ ಬಡ ಬೀದಿಗಳ ಆರೋಗ್ಯವನ್ನು ಅಂಕಿಗಳಿಂದ ಅಳೆಯುವ ಒಂದು ಸಂಸ್ಥೆಯಲ್ಲಿ ಕೆಲಸ. ಸೂತಕದ ಮನೆ ಎಂದು ತಿಳಿದು ಹಿಂದಿರುಗಲು ನೋಡಿದಳು. ನಾನೇ ಕೂರಿಸಿದೆ. ಪಕ್ಕದ ಮನೆಯ ಕೆಂಚಯ್ಯನೂ ಬಂದು ಜಗಲಿಯ ಮೇಲೆ ಕುಳಿತ.

ಅವಳು ಲ್ಯಾಪ್‌ಟಾಪ್ ತೆರೆದು ಕೊಳ್ಳೇಗಾಲದ ನಕ್ಷೆ ತೋರಿಸಿದಳು. ರೋಗ, ಸಾವು ಹೆಚ್ಚಿರುವ ಬೀದಿಗಳಿಗೆ ಕೆಂಪು, ಕಡಿಮೆ ಇರುವ ಬೀದಿಗಳಿಗೆ ಹಸಿರು. ಎದೆಯ ಪರೀಕ್ಷೆ ಮಾಡುವ ವ್ಯಾನು ಆ ಕೆಂಪು ನೋಡಿಯೇ ಹೋಗುತ್ತದಂತೆ. ಇಡೀ ಪಟ್ಟಣದಲ್ಲಿ ನಮ್ಮ ಬೀದಿಯಷ್ಟು ಹಸಿರು ಬೇರೆಲ್ಲೂ ಇರಲಿಲ್ಲ. ಪಟ್ಟಣದ ಸಾವಿನ ದಾಖಲೆಯಲ್ಲಿ ನಮ್ಮ ಬೀದಿಗೆ ಒಂಬತ್ತು ವರ್ಷದಲ್ಲಿ ಮೂರೇ ಸಾವು. ಆದರೆ ಆಸ್ಪತ್ರೆಯ ಪುಸ್ತಕ ನೋಡಿದರೆ ಉಬ್ಬಸದ ಔಷಧಿ ತೆಗೆದುಕೊಂಡವರಲ್ಲಿ ಈ ಬೀದಿಯವರೇ ಹೆಚ್ಚು. ಎರಡೂ ನಿಜವಾಗಿರಲು ಸಾಧ್ಯವಿಲ್ಲ, ಅದಕ್ಕೇ ಕೇಳಲು ಬಂದೆ ಎಂದಳು.

ಕೆಂಚಯ್ಯ ಕೆಮ್ಮುತ್ತ ನಕ್ಕ. "ನಿನ್ ಕಂಪ್ಯೂಟ್ರಲ್ಲಿ ನಾವು ಸಾಯದೇ ಇಲ್ವಾ ಕಣವ್ವ? ಅಂಗಾರೆ ನನ್ನೂ ಅದ್ರೊಳಕ್ಕೆ ಸೇರಿಸ್ಬುಡು."

ನನಗೆ ನಗು ಬರಲಿಲ್ಲ. ಉಳಿದ ಸಾವುಗಳನ್ನೆಲ್ಲ ಹಳ್ಳಿಗಳ ಲೆಕ್ಕಕ್ಕೆ ಬರೆದವನು ನಾನೇ. ಹಿಂದಿನ ವರ್ಷ ಒಂದು ಸಭೆಯಲ್ಲಿ ನಮ್ಮದು ಆರೋಗ್ಯವಂತ ಬೀದಿ ಎಂದು ಓದಿದ್ದರು. ನಾನು ಹಿಗ್ಗಿ ಶಿವನಿಗೆ ಅಭಿಷೇಕ ಮಾಡಿಸಿದ್ದೆ. ಎರಡು ಬೀದಿಯಾಚೆ ವ್ಯಾನು ನಿಂತಿದ್ದಾಗ ಅದು ನಮ್ಮಲ್ಲಿಗೆ ಏಕೆ ಬರುವುದಿಲ್ಲ ಎಂದು ತಂಗಿ ಕೇಳಿದ್ದಳು. ರೋಗ ಇರುವ ಕಡೆ ಹೋಗುತ್ತದೆ ಎಂದು ನಾನು ಹೇಳಿದೆ.

"ಅಂಗಾರೆ ನನ್ ಕೆಮ್ಮು ಯಾರ್ದಣ್ಣ?" ಎಂದಿದ್ದಳು.

ವರ್ಷಾಬ್ದಿಕದ ದಿನ ನೆನಪಿಡಲು ತೀರಿಕೊಂಡವರ ಹೆಸರನ್ನು ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಅದನ್ನು ತಂದು ಆ ಒಂಬತ್ತು ವರ್ಷದ ಹೆಸರುಗಳನ್ನು ಒಂದೊಂದೇ ಓದಿದೆ. ಭವ್ಯ ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತ ಹೋದಳು. ವಯಸ್ಸು ಕೇಳಿದಳು, ಹೇಳಿದೆ. ಏನಾಗಿತ್ತು ಎಂದು ಕೇಳಿದಳು, ಕೆಂಚಯ್ಯ ಹೇಳಿದ. ಮೊದಮೊದಲು ಅವನು ಒಬ್ಬೊಬ್ಬರ ಬಗ್ಗೆಯೂ ಒಂದು ತಮಾಷೆ ಹೇಳುತ್ತಿದ್ದ. ಇವನು ಎಲೆಯಡಿಕೆ ಕದಿಯುತ್ತಿದ್ದ, ಅವಳು ಸೊಸೆಗೆ ಉಪ್ಪು ಎಣಿಸಿ ಕೊಡುತ್ತಿದ್ದಳು. ಹತ್ತನೆಯ ಹೆಸರು ದಾಟಿದ ಮೇಲೆ ಅವನ ಬಾಯಲ್ಲಿ ಉಳಿದದ್ದು ದಮ್ಮು ಎಂಬ ಒಂದೇ ಮಾತು. ದಮ್ಮು. ದಮ್ಮು. ಎದೆನೋವು. ದಮ್ಮು.

ತಂಗಿಯೂ ಸೇರಿ ನಲವತ್ತೊಂದು ಹೆಸರು. ಇಪ್ಪತ್ತೇಳು ಜನ ಉಸಿರಿನ ತೊಂದರೆಯಿಂದ ಹೋದವರು. ಹೆಚ್ಚಿನವರು ಅರವತ್ತು ಕಂಡಿರಲಿಲ್ಲ. ಅಷ್ಟೂ ಜನರಿಗೆ ವಿಭೂತಿ ಹಚ್ಚಿದ ಕೈ ಇದು. ಆಯುಸ್ಸು ಅಷ್ಟೇ ಎಂದು ಅವರ ಮಕ್ಕಳಿಗೆ ಹೇಳಿದ ಬಾಯಿ ಇದು. ಭವ್ಯ ಏನೋ ಒತ್ತಿದಳು. ನಮ್ಮ ಬೀದಿಯ ಹಸಿರು ಹೋಗಿ ಕೆಂಪಾಯಿತು. ಪಕ್ಕದ ಯಾವ ಬೀದಿಯೂ ಅಷ್ಟು ಕೆಂಪಿರಲಿಲ್ಲ. ನಾನು ಎದ್ದು ಒಳಗೆ ಹೋಗಿ ನೀರು ಕುಡಿದೆ. ಲೋಟವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಹೊರಗೆ ಬಂದೆ.

ಹಳೆಯ ಕಾಗದಗಳನ್ನು ತಿದ್ದಿಸುವುದು ಕಷ್ಟ, ಮನೆ ಮನೆಗೆ ಹೋಗಿ ಬೇರೆ ಲೆಕ್ಕ ತೆಗೆಯುತ್ತೇನೆ ಎಂದು ಅವಳು ಹೇಳಿದಳು. ಆದರೆ ಸರ್ಕಾರದ ಪುಸ್ತಕದಲ್ಲಿ ಒಂದಾದರೂ ಸರಿಯಾಗಿ ಇದ್ದರೆ ತನ್ನ ಮಾತಿಗೆ ಬಲ ಬರುತ್ತದೆ ಎಂದಳು. ಸಾವಾಗಿ ಇಪ್ಪತ್ತೊಂದು ದಿನದೊಳಗೆ ಸತ್ತ ಸ್ಥಳದಲ್ಲೇ ಬರೆಸಬೇಕು. ಅಂಥದ್ದು ಉಳಿದಿದ್ದದ್ದು ಒಂದೇ, ನನ್ನ ತಂಗಿಯದು.

ಶಿವಶಂಕರ ಅವತ್ತೇ ಕಾಗದ ಹಿಡಿದು ಹಳ್ಳಿಯ ಪಂಚಾಯ್ತಿಗೆ ಹೋಗಿದ್ದ. ಫೋನು ಮಾಡಿದೆ. ಸಾಕ್ಷಿಗಳೆಲ್ಲ ಬಂದಾಗಿದೆ, ಗುಮಾಸ್ತರು ಊಟಕ್ಕೆ ಹೋಗಿದ್ದಾರೆ ಎಂದ. ಕೊಡಬೇಡ, ಹಿಂದಕ್ಕೆ ಬಾ ಎಂದೆ. ಅವನಿಗೆ ಸಿಟ್ಟು ಬಂತು.

"ಅಪ್ಪನ್ ಪಕ್ಕದಲ್ಲಿ ಮಲಗವ್ಳೆ ಅವ್ವ. ಮಣ್ಣು ಇಲ್ಲಿ, ಕಾಗ್ದ ಅಲ್ಲಿಯಾ? ಊರೋರ್ಗೆಲ್ಲ ಏಳ್ಕೊಟ್ಟೋರು ನೀವೇ ಅಲ್ವಾ ಮಾವ?"

"ನಾನು ಹೇಳಿದ್ದು ತಪ್ಪು ಕಣಪ್ಪ," ಎಂದೆ.

ಅಯ್ಯನವರು ಎನಿಸಿಕೊಂಡ ನಾನು ಈ ಮಾತನ್ನು ಹಿಂದೆ ಯಾರಿಗೂ ಹೇಳಿರಲಿಲ್ಲ. ನಕ್ಷೆಯ ವಿಷಯ, ವ್ಯಾನಿನ ವಿಷಯ ಎಲ್ಲವನ್ನೂ ಅವನಿಗೆ ವಿವರಿಸಿದೆ. ಅವನು ಮೆಲ್ಲಗೆ ಕೇಳಿದ.

"ವ್ಯಾನು ಬಂದಿದ್ರೆ ಅವ್ವ ಉಳ್ಕತಿದ್ಲಾ?"

ಆ ಪ್ರಶ್ನೆಯನ್ನು ಭವ್ಯಳಿಗೆ ಕೇಳಿದೆ. ಅವಳು ನನ್ನ ಮುಖ ನೋಡದೆ ಲ್ಯಾಪ್‌ಟಾಪ್ ಮುಚ್ಚಿದಳು.

"ಒಬ್ಬರ ವಿಚಾರ ಅಂಕಿ ಹೇಳಲ್ಲ ಅಜ್ಜ. ಪರೀಕ್ಷೆ ಅಂತೂ ಆಗಿರ್ತಿತ್ತು."

ಅದನ್ನು ಹಾಗೆಯೇ ಅವನಿಗೆ ಹೇಳಿದೆ. ಸಂಜೆ ಅವನು ಕಾಗದವನ್ನು ತಂದು ನನ್ನ ಮುಂದಿಟ್ಟು ಒಳಗೆ ಹೋದ. ಎರಡು ದಿನ ನನ್ನೊಡನೆ ಊಟಕ್ಕೆ ಕೂರಲಿಲ್ಲ.

ಹನ್ನೊಂದರ ಕಾರ್ಯ ಮುಗಿದ ಮರುದಿನ ಹೊಸ ಅರ್ಜಿಯನ್ನು ನನ್ನ ಕೈಯಾರೆ ಬರೆದೆ. ಸತ್ತ ಸ್ಥಳದ ಮುಂದೆ ಕೊಳ್ಳೇಗಾಲ ಎಂದು, ಬೀದಿಯ ಹೆಸರು, ಮನೆಯ ನಂಬರು ಬರೆದೆ. ಕಚೇರಿಗೆ ಹೊರಟಾಗ ಶಿವಶಂಕರನೂ ಚಪ್ಪಲಿ ಮೆಟ್ಟಿ ಹಿಂದೆ ಬಂದ. ಮಗನೇ ರುಜು ಹಾಕಬೇಕು ಎಂದರು, ಹಾಕಿದ. ವ್ಯಾನು ಬರುತ್ತದೆಯೋ ಇಲ್ಲವೋ ನಾನರಿಯೆ. ಹೆಂಡತಿಯನ್ನು ಕಳೆದುಕೊಂಡ ಬೀದಿಯ ಇನ್ನೊಬ್ಬರು ನಿನ್ನೆ ಅರ್ಜಿಗೆಂದು ಬಂದಿದ್ದರು. ಮಣ್ಣು ಹಳ್ಳಿಯಲ್ಲಿರಲಿ, ಕಾಗದ ಇಲ್ಲಿರಲಿ ಎಂದು ಅವರಿಗೆ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಮಾದಪ್ಪ ತಂದೆ, ನಾನು ಅರಿಯದೆ ಮಾಡಿದ್ದನ್ನು ನನ್ನ ತಲೆಯ ಮೇಲೆಯೇ ಇರಿಸು, ಅವಳ ದಾರಿಗೆ ಅಡ್ಡ ತರಬೇಡ. ಮೊದಲು ಹೋದ ನಲವತ್ತು ಜನರನ್ನೂ ಹೆಸರು ಹಿಡಿದು ಕರೆ. ನನ್ನ ತಂಗಿಯನ್ನು ನಿನ್ನ ಪಾದದ ಬಳಿ ಕೂರಿಸಿಕೊ. ಅವಳ ಆತ್ಮಕ್ಕೆ ಶಾಂತಿಯನ್ನು ಕೊಡು, ಮಾದೇವ.